ಪಟ್ಟಿಯಲ್ಲಿರದ ಹೆಸರು

2024ರ ಜನವರಿ 24ರಂದು ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ ತನ್ನ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ರಕ್ಷಣಾ ವಿಭಾಗದ ಕೋಚ್, ಜೋ ಬ್ಯಾರಿಯವರನ್ನು ಹುದ್ದೆಯಿಂದ ತೆಗೆಯಿತು. ಅದಕ್ಕೆ ನಾಲ್ಕು ದಿನ ಮೊದಲು, ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಎದುರು ತಂಡ 24-21ರಿಂದ ಸೋತಿತ್ತು. ಕೊನೆಯ ಕಾಲು ಭಾಗ ಶುರುವಾದಾಗ ಮುಂದಿದ್ದದ್ದು ಪ್ಯಾಕರ್ಸ್. ಗಡಿಯಾರದಲ್ಲಿ ಇನ್ನು ಒಂದು ನಿಮಿಷ ಏಳು ಸೆಕೆಂಡು ಉಳಿದಿದ್ದಾಗ ಕ್ರಿಸ್ಟಿಯನ್ ಮೆಕ್ಯಾಫ್ರಿ ಆರು ಗಜ ಓಡಿ ಟಚ್‌ಡೌನ್ ಗಳಿಸಿದರು. ನಮ್ಮಲ್ಲಿ ಅದು ಭಾನುವಾರದ ಬೆಳಗು. ಪಂದ್ಯ ಮುಗಿಯುವ ಹೊತ್ತಿಗೆ ಇಲ್ಲಿ ಬಿಸಿಲೇರಿತ್ತು, ಅಲ್ಲಿ ಇನ್ನೂ ಶನಿವಾರದ ರಾತ್ರಿಯಾಗಿತ್ತು. ಬ್ಯಾರಿ ಹೋಗುತ್ತಾರೆ ಎಂಬುದರಲ್ಲಿ ಆ ಹೊತ್ತಿಗೆ ಯಾರಿಗೂ ಹೆಚ್ಚು ಸಂಶಯವಿರಲಿಲ್ಲ. ಅವರ ಜಾಗಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆಯೇ ಮುಂದಿನ ಒಂದು ವಾರ ವಿಸ್ಕಾನ್ಸಿನ್ ರಾಜ್ಯದ ಪತ್ರಿಕೆಗಳನ್ನೂ ರೇಡಿಯೋ ಕಾರ್ಯಕ್ರಮಗಳನ್ನೂ ಆವರಿಸಿಕೊಂಡಿತು. ಈ ತಂಡವನ್ನು ದೂರದಿಂದ ಹಿಂಬಾಲಿಸುವ ನನ್ನಂಥವರ ತಲೆಯನ್ನೂ ಅದು ಬಿಡಲಿಲ್ಲ.

ಅಮೆರಿಕನ್ ಫುಟ್‌ಬಾಲ್‌ನ ಪರಿಚಯ ಹೆಚ್ಚಿಲ್ಲದವರಿಗೆ ಈ ಹುದ್ದೆಯ ತೂಕವನ್ನು ಹೇಳಬೇಕು. ಚೆಂಡು ಎದುರಾಳಿಯ ಕೈಯಲ್ಲಿರುವಾಗ ಮೈದಾನಕ್ಕಿಳಿಯುವ ಹನ್ನೊಂದು ಜನ ಎಲ್ಲಿ ನಿಲ್ಲಬೇಕು, ಯಾರು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಬೇಕು, ಯಾರು ಹಿಂದೆ ಸರಿದು ಪಾಸ್‌ಗೆ ಕಾಯಬೇಕು ಎಂಬುದನ್ನು ಪ್ರತಿಯೊಂದು ಆಟಕ್ಕೂ ಈತ ನಿರ್ಧರಿಸುತ್ತಾನೆ. ಕ್ರಿಕೆಟ್‌ನಲ್ಲಿ ನಾಯಕ ಪ್ರತಿ ಎಸೆತಕ್ಕೂ ಇಡೀ ಫೀಲ್ಡಿಂಗನ್ನು ಹೊಸದಾಗಿ ಜೋಡಿಸುವ ಹಾಗಿದ್ದರೆ ಹೇಗಿರುತ್ತದೋ ಈ ಕೆಲಸ ಸರಿಸುಮಾರು ಹಾಗಿದೆ. ಆತನ ಮಾತು ರೇಡಿಯೋ ಮೂಲಕ ಒಬ್ಬನೇ ಆಟಗಾರನ ಹೆಲ್ಮೆಟ್ಟಿಗೆ ತಲುಪುತ್ತದೆ, ಮತ್ತು ಪ್ರತಿ ಆಟ ಶುರುವಾಗಬೇಕಾದ ಗಡುವಿಗೆ 15 ಸೆಕೆಂಡು ಉಳಿದಾಗ ಆ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ. ಆಮೇಲೆ ಏನೇ ಆದರೂ ಆಟಗಾರರೇ ನೋಡಿಕೊಳ್ಳಬೇಕು. ಹೆಡ್ ಕೋಚ್ ಆಕ್ರಮಣ ವಿಭಾಗದಿಂದ ಬಂದವರಾದರೆ, ಪ್ಯಾಕರ್ಸ್‌ನ ಮ್ಯಾಟ್ ಲಾಫ್ಲರ್ ಹಾಗೆ ಬಂದವರೇ, ರಕ್ಷಣಾ ವಿಭಾಗ ಬಹುಮಟ್ಟಿಗೆ ಕೋಆರ್ಡಿನೇಟರ್‌ನ ಸ್ವಂತ ರಾಜ್ಯವಾಗಿಬಿಡುತ್ತದೆ.

ಗ್ರೀನ್ ಬೇಯಲ್ಲಿ ಇಂಥ ಊಹಾಪೋಹಕ್ಕೆ ಬೇರೆ ಊರುಗಳಲ್ಲಿ ಇಲ್ಲದ ಒಂದು ಗಾಂಭೀರ್ಯವಿದೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಆ ಊರಿನ ತಂಡಕ್ಕೆ ಒಬ್ಬ ಶ್ರೀಮಂತ ಮಾಲೀಕನಿಲ್ಲ. 1923ರಿಂದ ಅದು ಸಾರ್ವಜನಿಕರ ಒಡೆತನದಲ್ಲಿದೆ, ಷೇರುದಾರರ ಸಂಖ್ಯೆ ಐದು ಲಕ್ಷ ದಾಟಿದೆ. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಕೋಚ್‌ಗಳನ್ನು ಆರಿಸುವ ಅಧಿಕಾರವೂ ಅದರಿಂದ ಸಿಗುವುದಿಲ್ಲ. ಆದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಷೇರು ಪತ್ರದ ಕೆಳಗೆ ಕುಳಿತು ಮುಂದಿನ ಕೋಆರ್ಡಿನೇಟರ್ ಯಾರಾಗಬೇಕು ಎಂದು ವಾದಿಸುವವನ ದನಿಯಲ್ಲಿ ಮನೆಯವನ ಕಾಳಜಿ ಇರುವುದು ಸಹಜ. ಅದನ್ನು ಹವ್ಯಾಸಿಗಳ ಹರಟೆ ಎಂದು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ರಕ್ಷಣೆಯ ಆಟ ಹೇಗೆ ನಡೆಯುತ್ತದೆ ಎಂಬುದನ್ನು ಬಹುಪಾಲು ಅಭಿಮಾನಿಗಳು ಕಲಿಯುವುದು ಇಂಥ ಹುಡುಕಾಟದ ದಿನಗಳಲ್ಲೇ.

ಆದರೆ ಹದಿನೈದು ವರ್ಷಗಳಲ್ಲಿ ಈ ತಂಡ ನಡೆಸಿದ ನಾಲ್ಕು ಹುಡುಕಾಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಅಭ್ಯರ್ಥಿಗಳ ಪಟ್ಟಿಯನ್ನು ಓದಿದರೆ ಸಾಲದು, ಆಯ್ಕೆ ಮಾಡುವ ಹೆಡ್ ಕೋಚ್‌ನ ಭಯವನ್ನು ಓದಬೇಕು ಎಂದು ನನಗೆ ತೋರುತ್ತದೆ. ಪ್ರತಿ ಸಲವೂ ಆಯ್ಕೆಯಾದವರು ಹಿಂದಿನ ಸೋಲಿನ ಯಾವುದೋ ಒಂದು ನಿರ್ದಿಷ್ಟ ಗಾಯಕ್ಕೆ ಔಷಧಿಯಾಗಿಯೇ ಬಂದಿದ್ದಾರೆ.

2008ರಲ್ಲಿ ತಂಡ ಆರು ಪಂದ್ಯ ಗೆದ್ದು ಹತ್ತು ಸೋತಿತು. ಆಗಿನ ಹೆಡ್ ಕೋಚ್ ಮೈಕ್ ಮೆಕಾರ್ಥಿ, ಬಾಬ್ ಸ್ಯಾಂಡರ್ಸ್ ಅವರನ್ನು ತೆಗೆದು 2009ರ ಜನವರಿಯಲ್ಲಿ ಡಾಮ್ ಕೇಪರ್ಸ್ ಅವರನ್ನು ಕರೆತಂದರು. ಕೇಪರ್ಸ್ ಎರಡು ತಂಡಗಳಿಗೆ ಹೆಡ್ ಕೋಚ್ ಆಗಿದ್ದವರು, ಪಿಟ್ಸ್‌ಬರ್ಗ್‌ನಲ್ಲಿ ಜೋನ್ ಬ್ಲಿಟ್ಜ್ ಎಂಬ ಪದ್ಧತಿಯನ್ನು ಬೆಳೆಸಿದವರಲ್ಲಿ ಒಬ್ಬರು. ಮೊದಲ ಸಾಲಿನಲ್ಲಿ ನಾಲ್ವರನ್ನು ಇಡುತ್ತಿದ್ದ ತಂಡ ಅವರೊಂದಿಗೆ ಮೂವರ ಸಾಲಿಗೆ ಬದಲಾಯಿತು. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆ ವರ್ಷ ಬಿ.ಜೆ. ರಾಜಿ ಮತ್ತು ಕ್ಲೇ ಮ್ಯಾಥ್ಯೂಸ್ ಇಬ್ಬರೂ ಬಂದರು, ಚಾರ್ಲ್ಸ್ ವುಡ್ಸನ್ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. 2011ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನೇ 31-25ರಿಂದ ಸೋಲಿಸಿ ಪ್ಯಾಕರ್ಸ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಕೇಪರ್ಸ್ ಬಂದ ಆ ಚಳಿಗಾಲದಲ್ಲೇ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಹೆಡ್ ಕೋಚ್ ಷಾನ್ ಪೇಟನ್, ಗ್ರೆಗ್ ವಿಲಿಯಮ್ಸ್ ಅವರನ್ನು ಕೋಆರ್ಡಿನೇಟರ್ ಆಗಿ ಪಡೆಯುವುದಕ್ಕೆ ತಮ್ಮ ಸಂಬಳದಲ್ಲಿ ಎರಡೂವರೆ ಲಕ್ಷ ಡಾಲರ್ ಬಿಟ್ಟುಕೊಡಲು ಮುಂದಾದರು. ಮುಂದಿನ ವರ್ಷವೇ ಸೇಂಟ್ಸ್ ಸೂಪರ್ ಬೌಲ್ ಗೆದ್ದಿತು. 2012ರಲ್ಲಿ, ಎದುರಾಳಿಗಳನ್ನು ಗಾಯಗೊಳಿಸಿದ್ದಕ್ಕೆ ಇನಾಮು ಕೊಡುವ ಏರ್ಪಾಡು ಬಯಲಾಗಿ ವಿಲಿಯಮ್ಸ್ ಅಮಾನತಾದರು, ಪೇಟನ್ ಇಡೀ ಋತುವಿನಿಂದ ಹೊರಗುಳಿದರು. ಒಂದು ನೇಮಕದ ಲಾಭ ನಷ್ಟ ಎರಡೂ ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಕೇಪರ್ಸ್ ಒಂಬತ್ತು ವರ್ಷ ಉಳಿದರು, ಅದು ಬಹಳ ದೀರ್ಘ ಕಾಲ. 2013ರ ಜನವರಿಯಲ್ಲಿ ಕಾಲಿನ್ ಕೇಪರ್ನಿಕ್ ಒಬ್ಬರೇ 181 ಗಜ ಓಡಿ, ಕ್ವಾರ್ಟರ್‌ಬ್ಯಾಕ್ ಒಬ್ಬರ ಓಟದ ದಾಖಲೆ ಮಾಡಿ, ಆ ರಕ್ಷಣೆಯನ್ನು ಛಿದ್ರ ಮಾಡಿದಾಗಲೇ ಅದರ ಬುಡ ಅಲುಗಿತ್ತು. ಆದರೂ 2017ರ ಋತು ಮುಗಿಯುವ ತನಕ ಮೆಕಾರ್ಥಿ ಅವರನ್ನು ಬಿಡಲಿಲ್ಲ. ಆಮೇಲೆ ಮೈಕ್ ಪೆಟೀನ್ ಬಂದರು. ಒಂದೇ ವರ್ಷದಲ್ಲಿ ಮೆಕಾರ್ಥಿಯೇ ಹೋಗಿ, 2019ರಲ್ಲಿ ಬಂದ ಲಾಫ್ಲರ್ ಪೆಟೀನ್ ಅವರನ್ನು ಮುಂದುವರಿಸಿದರು. ತಾವು ಆರಿಸದ ಕೋಆರ್ಡಿನೇಟರ್ ಜೊತೆ ಕೆಲಸ ಮಾಡುವ ಹೆಡ್ ಕೋಚ್ ಎಷ್ಟು ದಿನ ತಾಳುತ್ತಾರೆ ಎಂಬುದನ್ನು ಎರಡು ಪಂದ್ಯಗಳು ನಿರ್ಧರಿಸಿದವು.

ಮೊದಲನೆಯದು 2020ರ ಜನವರಿ 19ರಂದು. ಫಾರ್ಟಿನೈನರ್ಸ್‌ನ ರಹೀಮ್ ಮೋಸ್ಟರ್ಟ್ 220 ಗಜ ಓಡಿ ನಾಲ್ಕು ಟಚ್‌ಡೌನ್ ಗಳಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆದದ್ದು ಎಂಟೇ ಪಾಸ್. ಎಸೆಯುವ ಅಗತ್ಯವೇ ಬೀಳಲಿಲ್ಲ. ಎರಡನೆಯದು 2021ರ ಜನವರಿ 24ರಂದು, ತಂಡದ ತವರು ಮೈದಾನ ಲ್ಯಾಂಬೋ ಫೀಲ್ಡ್‌ನಲ್ಲಿ, ಟಾಮ್ ಬ್ರೇಡಿಯ ಟ್ಯಾಂಪಾ ಬೇ ಎದುರು. ಆ ಪಂದ್ಯದ ಒಂದು ಕ್ಷಣವನ್ನು ನಿಧಾನವಾಗಿ ನೋಡಬೇಕು. ಮೊದಲರ್ಧ ಮುಗಿಯಲು ಎಂಟು ಸೆಕೆಂಡು ಉಳಿದಿದೆ, ಎದುರಾಳಿ 39 ಗಜ ದೂರದಲ್ಲಿದ್ದಾರೆ, ಪ್ಯಾಕರ್ಸ್ ನಾಲ್ಕೇ ಅಂಕ ಹಿಂದಿದೆ. ಅಂಥ ಹೊತ್ತಿನಲ್ಲಿ ರಕ್ಷಣೆ ಕಾಯಬೇಕಾದದ್ದು ಮೈದಾನದ ತುದಿಯಲ್ಲಿ ಟಚ್‌ಡೌನ್ ಆಗುವ ಎಂಡ್ ಜೋನ್ ಒಂದನ್ನೇ. ಮುಂದೆ ಏನೇ ಸಿಕ್ಕರೂ ಸಿಗಲಿ, ತಲೆಯ ಮೇಲಿಂದ ಯಾರೂ ದಾಟಿಹೋಗಬಾರದು. ಆದರೆ ಕಾರ್ನರ್‌ಬ್ಯಾಕ್ ಕೆವಿನ್ ಕಿಂಗ್ ಒಂಟಿಯಾಗಿ ಒಬ್ಬನಿಗೆ ಒಬ್ಬ ಎಂಬ ಕಾವಲಿನಲ್ಲಿದ್ದರು. ಸ್ಕಾಟಿ ಮಿಲ್ಲರ್ ನೇರ ಗೆರೆ ಹಿಡಿದು ಓಡಿದರು, ಕಿಂಗ್ ಒಂದು ಹೆಜ್ಜೆ ಹಿಂದುಳಿದರು, ಚೆಂಡು ಮಿಲ್ಲರ್ ಕೈಗೆ ಬಿತ್ತು, ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡು. ಪಂದ್ಯ 31-26ರಿಂದ ಹೋಯಿತು. ಆ ಹೊತ್ತಿಗೆ ಅದು ತಕ್ಕ ಕರೆಯಾಗಿರಲಿಲ್ಲ ಎಂದು ಲಾಫ್ಲರ್ ಬಹಿರಂಗವಾಗಿಯೇ ಹೇಳಿದರು. ಪೆಟೀನ್ ಅವರ ಒಪ್ಪಂದ ನವೀಕರಣವಾಗಲಿಲ್ಲ.

ಲಾಫ್ಲರ್ ತಮ್ಮದೇ ಆಯ್ಕೆ ಮಾಡುವ ಮೊದಲ ಅವಕಾಶ ಅದು. ಮೊದಲಿಗೆ ಮಾತು ನಡೆದದ್ದು ಜಿಮ್ ಲೆನರ್ಡ್ ಜೊತೆ. ವಿಸ್ಕಾನ್ಸಿನ್‌ನ ಸಣ್ಣ ಊರಿನ ಹುಡುಗ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ವಿದ್ಯಾರ್ಥಿವೇತನವಿಲ್ಲದೆ ಸೇರಿ ಬೆಳೆದು, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹತ್ತು ಋತು ರಕ್ಷಣೆಯ ಕೊನೆಯ ಸಾಲಿನ ಸೇಫ್ಟಿಯಾಗಿ ಆಡಿ, ಮರಳಿ ಅದೇ ವಿಶ್ವವಿದ್ಯಾಲಯದ ರಕ್ಷಣೆಯನ್ನು ದೇಶದ ಅತ್ಯುತ್ತಮ ರಕ್ಷಣೆಗಳಲ್ಲಿ ಒಂದಾಗಿ ಮಾಡಿದವರು. ಅಭಿಮಾನಿಗಳು ಇಂಥವರನ್ನು ಕಲ್ಪಿಸಿಕೊಂಡೇ ನಿದ್ದೆ ಹೋಗುತ್ತಾರೆ. ಲೆನರ್ಡ್ ಒಪ್ಪಲಿಲ್ಲ, ವಿಶ್ವವಿದ್ಯಾಲಯದಲ್ಲೇ ಉಳಿದರು. ಮುಂದೆ 2022ರಲ್ಲಿ ಅವರಿಗೆ ಅಲ್ಲಿ ಹಂಗಾಮಿ ಹೆಡ್ ಕೋಚ್ ಸ್ಥಾನ ದೊರೆತು, ಖಾಯಂ ಹುದ್ದೆ ಮಾತ್ರ ಬೇರೆಯವರಿಗೆ ಹೋದದ್ದನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ.

ಹಾಗೆ ಜೋ ಬ್ಯಾರಿ ಬಂದರು. 2008ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತ ಡೆಟ್ರಾಯಿಟ್ ಲಯನ್ಸ್‌ನ ರಕ್ಷಣೆ ನಡೆಸಿದ್ದವರು ಅವರೇ ಎಂಬುದನ್ನು ಯಾರೂ ಮರೆತಿರಲಿಲ್ಲ. ಈ ಆಯ್ಕೆ ಅರ್ಥವಾಗಬೇಕಾದರೆ ಲಾಫ್ಲರ್ ಅವರ ಸ್ಥಾನದಲ್ಲಿ ನಿಂತು ನೋಡಬೇಕು. ಅವರು ತಾವೇ ಆಕ್ರಮಣದ ಆಟಗಳನ್ನು ಕರೆಯುವವರು. ವಿಕ್ ಫ್ಯಾಂಜಿಯೊ ಬೆಳೆಸಿದ, 2020ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನಲ್ಲಿ ಬ್ರ್ಯಾಂಡನ್ ಸ್ಟೇಲಿ ನಡೆಸಿದ ಪದ್ಧತಿ ಅಂಥ ಆಕ್ರಮಣಗಳನ್ನೇ ಕಟ್ಟಿಹಾಕಲು ಹುಟ್ಟಿದ್ದು: ಇಬ್ಬರು ಸೇಫ್ಟಿಗಳು ಆಳದಲ್ಲಿ ನಿಲ್ಲುತ್ತಾರೆ, ಚೆಂಡು ಹೊರಟ ಮೇಲೆಯೇ ಜಾಗ ಬದಲಿಸುತ್ತಾರೆ, ಮುಂದಿನ ಸಾಲಿನಲ್ಲಿ ಜನ ಕಡಿಮೆ. ಓಟಕ್ಕೆ ನಾಲ್ಕೈದು ಗಜ ಬಿಟ್ಟುಕೊಟ್ಟರೂ ಉದ್ದನೆಯ ಪಾಸ್‌ಗೆ ದಾರಿ ಕೊಡುವುದಿಲ್ಲ. ಹತ್ತು ಹನ್ನೆರಡು ಆಟಗಳ ತನಕ ಎದುರಾಳಿ ಎಡವದೆ ಬರಲಾರ ಎಂಬ ನಂಬಿಕೆಯೇ ಅದರ ಅಡಿಪಾಯ. ಬ್ಯಾರಿ ಆ ರ‍್ಯಾಮ್ಸ್‌ನಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ದರು, 2017ರಲ್ಲಿ ಲಾಫ್ಲರ್ ಕೂಡ ಅದೇ ತಂಡದಲ್ಲಿದ್ದರು. ತಮಗೆ ತಲೆನೋವು ತಂದ ಪದ್ಧತಿಯನ್ನು, ತಾವು ಬಲ್ಲ ವ್ಯಕ್ತಿಯ ಕೈಯಿಂದ, ತಮ್ಮ ಮನೆಗೆ ತಂದುಕೊಂಡರು. ಅದೇ 2021ರ ಜನವರಿಯಲ್ಲಿ ಲಾಫ್ಲರ್ ಅವರ ಆಕ್ರಮಣ ಆ ರ‍್ಯಾಮ್ಸ್ ರಕ್ಷಣೆಯನ್ನು 32-18ರಿಂದ ಸೋಲಿಸಿತ್ತು ಎಂಬುದನ್ನು ನೆನೆದಾಗ, ಗೆದ್ದ ಪಂದ್ಯಕ್ಕಿಂತ ಆ ಪದ್ಧತಿಗೆ ತಯಾರಾದ ವಾರವೇ ಅವರ ಮನಸ್ಸಿನಲ್ಲಿ ಹೆಚ್ಚು ಉಳಿಯಿತು ಎಂದು ನಾನು ಊಹಿಸುತ್ತೇನೆ.

ಬ್ಯಾರಿಯವರ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. 2022ರ ಜನವರಿಯಲ್ಲಿ ಫಾರ್ಟಿನೈನರ್ಸ್ 13-10ರಿಂದ ಗೆದ್ದಾಗ ಅವರ ಏಕೈಕ ಟಚ್‌ಡೌನ್ ಬಂದದ್ದು ಪ್ಯಾಕರ್ಸ್ ಒದ್ದ ಚೆಂಡನ್ನು (ಪಂಟ್) ತಡೆದದ್ದರಿಂದ. ಬ್ಯಾರಿಯ ರಕ್ಷಣೆ ಆ ರಾತ್ರಿ ಒಂದು ಟಚ್‌ಡೌನನ್ನೂ ಬಿಟ್ಟುಕೊಡಲಿಲ್ಲ. ಆದರೆ 2023ರ ಹೊತ್ತಿಗೆ ಆ ವಿಭಾಗದಲ್ಲಿ ಮೊದಲ ಸುತ್ತಿನಲ್ಲಿ ಆರಿಸಿದ ಆಟಗಾರರೇ ಎಂಟು ಮಂದಿ ಇದ್ದರು. ಅಷ್ಟು ಪ್ರತಿಭೆ ಕೈಯಲ್ಲಿದ್ದೂ ಡಿಸೆಂಬರ್‌ನಲ್ಲಿ ಯಾರೂ ಡ್ರಾಫ್ಟ್ ಮಾಡದ ಹೊಸಬ ಟಾಮಿ ಡಿವಿಟೊ ಪ್ಯಾಕರ್ಸ್ ತಂಡವನ್ನು ಸೋಲಿಸಿದ. ಮುಂದಿನ ವಾರ ಬೇಕರ್ ಮೇಫೀಲ್ಡ್ ಲ್ಯಾಂಬೋ ಫೀಲ್ಡ್‌ಗೆ ಬಂದು 381 ಗಜ, ನಾಲ್ಕು ಟಚ್‌ಡೌನ್ ಎಸೆದು, 158.3ರ ಪರಿಪೂರ್ಣ ರೇಟಿಂಗ್ ಪಡೆದು ಹೋದರು. ಹೊರಗಿನಿಂದ ಬಂದ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಆ ಮೈದಾನದಲ್ಲಿ ಅದನ್ನು ಸಾಧಿಸಿರಲಿಲ್ಲ. ಎದುರಾಳಿ ಎಡವಲಿ ಎಂದು ಕಾದು ಕುಳಿತ ರಕ್ಷಣೆ, ಎದುರಾಳಿ ಎಡವದೇ ಹೋದಾಗ ಮಾಡುವುದಕ್ಕೆ ಬೇರೇನೂ ಇಲ್ಲದೆ ನಿಂತಿತ್ತು.

ಹಾಗಾಗಿ 2024ರ ಜನವರಿಯ ಪಟ್ಟಿಗಳಲ್ಲಿ ಜನ ಬಯಸಿದ್ದು ಉಗ್ರತೆ. ನ್ಯೂಯಾರ್ಕ್ ಜೈಂಟ್ಸ್ ಬಿಟ್ಟಿದ್ದ, ಕ್ವಾರ್ಟರ್‌ಬ್ಯಾಕ್‌ನ ಮೇಲೆ ಹೆಚ್ಚು ಜನರನ್ನು ನುಗ್ಗಿಸುವ ಬ್ಲಿಟ್ಜ್ ಎಂದರೆ ನೆನಪಾಗುವ ವಿಂಕ್ ಮಾರ್ಟಿಂಡೇಲ್ ಅವರ ಹೆಸರು ಬಂತು. ಚಾರ್ಜರ್ಸ್‌ನಿಂದ ಹೊರಬಿದ್ದಿದ್ದ ಸ್ಟೇಲಿ, ಮತ್ತೆ ಲೆನರ್ಡ್, ಟೈಟನ್ಸ್ ತೆಗೆದಿದ್ದ ಮೈಕ್ ವ್ರೇಬಲ್ ಹೀಗೆ ಪಟ್ಟಿ ಬೆಳೆಯಿತು. ಈ ಪಟ್ಟಿಗಳೆಲ್ಲ ಒಂದೇ ತೆರನಾಗಿರುವುದಕ್ಕೆ ಲೀಗ್‌ನ ನಿಯಮವೂ ಕಾರಣ. ಬೇರೊಂದು ತಂಡದ ಒಪ್ಪಂದದಲ್ಲಿರುವ ಕೋಆರ್ಡಿನೇಟರ್‌ನನ್ನು ಅದೇ ಹುದ್ದೆಗೆ ಸುಮ್ಮನೆ ಕರೆತರಲಾಗದು. ಆ ತಂಡ ತಡೆಯಬಹುದು. 2020ರಲ್ಲಿ ಬಂದ ಬದಲಾವಣೆಯ ನಂತರ, ಕೆಳಗಿನ ಹಂತದ ಸಹಾಯಕ ಕೋಚ್ ನಿಜವಾದ ಕೋಆರ್ಡಿನೇಟರ್ ಹುದ್ದೆಯ ಸಂದರ್ಶನಕ್ಕೆ ಹೋಗುವುದನ್ನು ತಂಡಗಳು ತಡೆಯುವಂತಿಲ್ಲ. ಹಾಗಾಗಿ ಉಳಿಯುವವರು ಮೂರು ಬಗೆಯವರು: ಆಗತಾನೇ ಕೆಲಸ ಕಳೆದುಕೊಂಡ ಹೆಸರಾಂತರು, ಬೇರೆ ತಂಡಗಳ ಸಹಾಯಕರು, ಕಾಲೇಜು ಫುಟ್‌ಬಾಲ್‌ನವರು. ಜನ ಊಹಿಸುವುದು ಬಹುಪಾಲು ಮೊದಲ ಗುಂಪಿನಿಂದ, ಏಕೆಂದರೆ ಆ ಮುಖಗಳೇ ಟೀವಿಯಲ್ಲಿ ಕಂಡಿರುವುದು.

ಜನವರಿ ಮುಗಿಯುವ ಹೊತ್ತಿಗೆ ಬಂದ ಹೆಸರು ಜೆಫ್ ಹಾಫ್ಲಿ. ಬಾಸ್ಟನ್ ಕಾಲೇಜಿನ ಹೆಡ್ ಕೋಚ್, ನಾಲ್ಕು ವರ್ಷಗಳಲ್ಲಿ 22 ಗೆಲುವು, 26 ಸೋಲು. ಎನ್‌ಎಫ್‌ಎಲ್‌ನಲ್ಲಿ ಕೋಆರ್ಡಿನೇಟರ್ ಆದದ್ದೇ ಇಲ್ಲ. ಹೆಡ್ ಕೋಚ್ ಪೀಠ ಬಿಟ್ಟು ಕೆಳಗಿನ ಹುದ್ದೆಗೆ ಯಾರಾದರೂ ಬಂದಾರೆಂದು ಪಟ್ಟಿ ಬರೆಯುವವರು ಎಣಿಸಿರಲಿಲ್ಲ. ಆದರೆ ಆಟಗಾರರು ವರ್ಷವರ್ಷವೂ ತಂಡ ಬದಲಿಸುವ, ಅವರನ್ನು ಉಳಿಸಿಕೊಳ್ಳಲು ಹಣ ಹೊಂದಿಸಬೇಕಾದ ಇಂದಿನ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್‌ಗೆ ಆಟ ಕಲಿಸಲು ಸಿಗುವ ಹೊತ್ತು ಕುಗ್ಗಿದೆ. ಕಲಿಸುವ ಕೆಲಸವನ್ನೇ ಪ್ರೀತಿಸುವವನಿಗೆ ಕೋಆರ್ಡಿನೇಟರ್ ಹುದ್ದೆ ಮೇಲಿನದಾಗಿ ಕಂಡರೆ ಆಶ್ಚರ್ಯವೇನು?

ಎಳೆಗಳನ್ನು ಹಿಡಿದು ಹಿಂದೆ ಹೋದರೆ ಆ ಹೆಸರು ಅಷ್ಟೇನೂ ಮರೆಯಾಗಿರಲಿಲ್ಲ. ಹಾಫ್ಲಿ 2016ರಿಂದ 2018ರವರೆಗೆ ಫಾರ್ಟಿನೈನರ್ಸ್‌ನಲ್ಲಿ ಹಿಂದಿನ ಸಾಲಿನ ರಕ್ಷಕರ ಕೋಚ್. 2017ರಿಂದ ಅಲ್ಲಿ ಅವರ ಮೇಲಿನವರು ರಾಬರ್ಟ್ ಸಾಲೆ, ಲಾಫ್ಲರ್ ಮದುವೆಯಲ್ಲಿ ವರನ ಪಕ್ಕ ನಿಂತ ಗೆಳೆಯ. ಅದೇ ಕಟ್ಟಡದಲ್ಲಿ ಲಾಫ್ಲರ್ ಅವರ ತಮ್ಮ ಮೈಕ್ ಇದ್ದರು, 2024ರ ಹೊತ್ತಿಗೆ ಗ್ರೀನ್ ಬೇಯ ಆಕ್ರಮಣ ವಿಭಾಗದ ಕೋಆರ್ಡಿನೇಟರ್ ಆಗಿದ್ದ ಆ್ಯಡಂ ಸ್ಟೆನಾವಿಚ್ ಇದ್ದರು. ಅದಕ್ಕೂ ಮೊದಲು ಕ್ಲೀವ್‌ಲ್ಯಾಂಡ್‌ನಲ್ಲಿ ಹಾಫ್ಲಿಯ ಹೆಡ್ ಕೋಚ್ ಆಗಿದ್ದವರು ಪೆಟೀನ್. ಲಾಫ್ಲರ್ ನಂಬುವ ಇಷ್ಟೊಂದು ಜನ ಒಬ್ಬನ ಕೆಲಸವನ್ನು ದಿನದಿನವೂ ಕಣ್ಣಾರೆ ಕಂಡಿದ್ದಾರೆ ಎಂದಮೇಲೆ ಸಂದರ್ಶನ ಅರ್ಧ ಮುಗಿದಂತೆಯೇ. ಈ ಸಲದ ಭಯ ಯಾವುದು ಎಂಬುದೂ ಸ್ಪಷ್ಟವಿತ್ತು. ಲಾಫ್ಲರ್ ಅವರನ್ನು ಮತ್ತೆ ಮತ್ತೆ ಮನೆಗೆ ಕಳಿಸಿದ್ದು ಫಾರ್ಟಿನೈನರ್ಸ್. ಮುಂದಿನ ನಾಲ್ವರೇ ನುಗ್ಗಿ, ಹಿಂದಿನ ಏಳು ಜನ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಕಣ್ಣಿಟ್ಟು ಚೆಂಡಿಗೆ ಎರಗುವುದು ಸಾಲೆ ಕಾಲದಿಂದ ಅವರು ಆಡುವ ರಕ್ಷಣೆ. 2021ರಲ್ಲಿ ಮಾಡಿದ್ದನ್ನೇ ಲಾಫ್ಲರ್ ಮತ್ತೆ ಮಾಡಿದರು: ತಮ್ಮನ್ನು ಕಾಡಿದ್ದನ್ನು ಮನೆಗೆ ಕರೆತಂದರು.

ಆ ಫಾರ್ಟಿನೈನರ್ಸ್‌ನಲ್ಲೇ ಅದೇ ಚಳಿಗಾಲದಲ್ಲಿ ಇನ್ನೊಂದು ಖಾಲಿ ಹುದ್ದೆ ಹುಟ್ಟಿತು. ಸಾಲೆ 2021ರಲ್ಲಿ, ಡಿಮೀಕೊ ರಯನ್ಸ್ 2023ರಲ್ಲಿ ಹೆಡ್ ಕೋಚ್‌ಗಳಾಗಿ ಬೇರೆ ತಂಡಗಳಿಗೆ ಹೋದ ಮೇಲೆ ಹೊರಗಿನಿಂದ ಸ್ಟೀವ್ ವಿಲ್ಕ್ಸ್ ಬಂದಿದ್ದರು, ತಮ್ಮದಲ್ಲದ ಪದ್ಧತಿಯನ್ನು ನಡೆಸುವ ಷರತ್ತಿನ ಮೇಲೆ. 2023ರ ಅಕ್ಟೋಬರ್‌ನಲ್ಲಿ ಮಿನೆಸೋಟ ಎದುರು ಮೊದಲರ್ಧ ಮುಗಿಯುವ ಹೊತ್ತಿಗೆ ಅವರು ಹಿಂದೆ ಯಾರನ್ನೂ ಉಳಿಸದ ಬ್ಲಿಟ್ಜ್ ಕರೆದರು, ಜೋರ್ಡನ್ ಆ್ಯಡಿಸನ್ 60 ಗಜದ ಟಚ್‌ಡೌನ್ ಗಳಿಸಿದರು, ಹೆಡ್ ಕೋಚ್ ಕೈಲ್ ಶಾನಹಾನ್ ಆ ಕರೆಯನ್ನು ಬಹಿರಂಗವಾಗಿ ಟೀಕಿಸಿದರು. ಪೆಟೀನ್ ಪ್ರಸಂಗವೇ ಮರುಕಳಿಸಿದಂತಿತ್ತು. ಸೂಪರ್ ಬೌಲ್ ತನಕ ತಂಡ ಹೋಗಿ ಅಲ್ಲಿ ಹೆಚ್ಚುವರಿ ಅವಧಿಯಲ್ಲಿ ಸೋತ ಕೆಲವೇ ದಿನಗಳಲ್ಲಿ ವಿಲ್ಕ್ಸ್ ಅವರನ್ನು ತೆಗೆಯಲಾಯಿತು. ಮುಂದಿನ ವರ್ಷ ಒಳಗಿನವರನ್ನೇ ನೇಮಿಸಿ, ಅದೂ ಹೊಂದದೆ, 2025ರಲ್ಲಿ ಮತ್ತೆ ಸಾಲೆಯವರನ್ನೇ ಕರೆತಂದರು. ವಿಲ್ಕ್ಸ್ ಅವರಿಗೆ ಅನ್ಯಾಯವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಬ್ಬರ ಪದ್ಧತಿಯನ್ನು ಬಾಯಿಪಾಠ ಮಾಡಿ ಒಪ್ಪಿಸು ಎಂದು ಅನುಭವಿ ಕೋಚ್ ಒಬ್ಬರನ್ನು ಕರೆದ ಮೇಲೆ, ಒತ್ತಡದ ಹೊತ್ತಿನಲ್ಲಿ ಆತ ತನ್ನ ಸ್ವಭಾವಕ್ಕೆ ಮರಳಿದರೆ ದೂರುವುದು ಹೇಗೆ?

ಗ್ರೀನ್ ಬೇ ಹಾಫ್ಲಿಗೆ ಅವರದೇ ಪದ್ಧತಿಯನ್ನು ತರಲು ಬಿಟ್ಟಿತು, ಅದರ ಬೆಲೆಯನ್ನೂ ತೆತ್ತಿತು. ಮುಂದಿನ ಸಾಲು ಮತ್ತೆ ನಾಲ್ವರದಾಯಿತು. ವರ್ಷಗಟ್ಟಲೆ ನಿಂತು ಎದುರಾಳಿಯನ್ನು ನೋಡುತ್ತ ಆಟ ಶುರುಮಾಡುತ್ತಿದ್ದ ರಷಾನ್ ಗ್ಯಾರಿ ಮತ್ತು ಪ್ರೆಸ್ಟನ್ ಸ್ಮಿತ್ ಈಗ ಬಗ್ಗಿ ಕೈ ನೆಲಕ್ಕೂರಿ ಕಾಯಬೇಕಾಯಿತು. ನೋಡುವವರಿಗೆ ಅದು ಅಂಗೈ ಅಗಲದ ಬದಲಾವಣೆ. ಆಡುವವನಿಗೆ ಕಣ್ಣಿಗೆ ಕಾಣುವ ಮೈದಾನವೇ ಬೇರೆ, ಮೊದಲ ಹೆಜ್ಜೆಯೇ ಬೇರೆ. ಸ್ಮಿತ್ ಅದಕ್ಕೆ ಒಗ್ಗಲಿಲ್ಲ, 2024ರ ನವೆಂಬರ್‌ನಲ್ಲಿ ಡ್ರಾಫ್ಟ್‌ನ ಏಳನೇ ಸುತ್ತಿನ ಒಂದು ಆಯ್ಕೆಗೆ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟರು. ಇನ್ನೊಂದು ಕಡೆ, ಮಾರ್ಚ್‌ನಲ್ಲಿ ಜೈಂಟ್ಸ್‌ನಿಂದ ತಂದ ಸೇಫ್ಟಿ ಜೇವಿಯರ್ ಮೆಕಿನಿ ಮೊದಲ ಐದು ಪಂದ್ಯಗಳಲ್ಲೂ ಎದುರಾಳಿಯ ಪಾಸನ್ನು ಕಸಿದು ಒಂದೊಂದು ಇಂಟರ್‌ಸೆಪ್ಷನ್ ಹಿಡಿದು, ವರ್ಷದ ಕೊನೆಗೆ ಎಂಟಕ್ಕೆ ಮುಟ್ಟಿಸಿದರು. ಕಾದು ಕೂರುವ ರಕ್ಷಣೆ ಚೆಂಡನ್ನು ಬೇಟೆಯಾಡುವ ರಕ್ಷಣೆಯಾಗಿತ್ತು.

2025ರ ಜನವರಿ 12ರಂದು ಫಿಲಡೆಲ್ಫಿಯಾ ಈಗಲ್ಸ್ ಎದುರು ಪ್ಯಾಕರ್ಸ್ 22-10ರಿಂದ ಸೋತು ಹೊರಬಿತ್ತು. ಮುಂದೆ ಸೂಪರ್ ಬೌಲ್ ಗೆಲ್ಲಲಿದ್ದ ತಂಡವನ್ನು ಹಾಫ್ಲಿಯ ರಕ್ಷಣೆ 22ಕ್ಕೆ ನಿಲ್ಲಿಸಿತ್ತು, ಅದೂ ತನ್ನವರು ನಾಲ್ಕು ಸಲ ಚೆಂಡನ್ನು ಎದುರಾಳಿಗೆ ಕಳೆದುಕೊಂಡ ಪಂದ್ಯದಲ್ಲಿ. ಕೋಆರ್ಡಿನೇಟರ್ ಯಾರಾಗಬೇಕು ಎಂದು ಆ ಚಳಿಗಾಲದಲ್ಲಿ ಯಾರೂ ಕೇಳಲಿಲ್ಲ. ಚೆಂಡು ಹಿಡಿಯುವವರು ಯಾರು ಎಂಬ ಚಿಂತೆ ಆ ಜಾಗಕ್ಕೆ ಬಂದಿತ್ತು, ಹೊಸ ಹೆಸರುಗಳ ಹೊಸ ಪಟ್ಟಿಗಳೂ ಬಂದಿದ್ದವು. ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇ ಊರಿನಲ್ಲೇ ನಡೆದಾಗ, 2002ರ ನಂತರ ಮೊದಲ ಬಾರಿಗೆ ತಂಡ ಮೊದಲ ಸುತ್ತಿನಲ್ಲಿ ಒಬ್ಬ ರಿಸೀವರ್ ಅನ್ನು, ಮ್ಯಾಥ್ಯೂ ಗೋಲ್ಡನ್ ಅವರನ್ನು, ಆರಿಸಿತು, ಮತ್ತು ಲ್ಯಾಂಬೋ ಫೀಲ್ಡ್ ಹೊರಗೆ ಸೇರಿದ್ದ ಜನಸಾಗರ ಕೂಗಿ ಸಂಭ್ರಮಿಸಿತು.